ರೆಟಿನಾಲ್ ಹೊರುವ ಪ್ರೋಟೀನು

ಎ ಜೀವಸತ್ವ, ಅಂದರೆ ರೆಟಿನಾಲ್, ಎಣ್ಣೆಯ ಜಾತಿ. ರಕ್ತದ ನೀರಿನಲ್ಲಿ ಕರಗದು. ಅದನ್ನು ಹೊತ್ತೊಯ್ಯಲು ಯಕೃತ್ತು ಒಂದು ಪುಟ್ಟ ಪ್ರೋಟೀನು ಕಟ್ಟುತ್ತದೆ. 1968ರಲ್ಲಿ ಬೇರ್ಪಡಿಸಿ ಗುರುತಿಸಿದ ಈ ಆರ್‌ಬಿಪಿಯ (ರೆಟಿನಾಲ್ ಬೈಂಡಿಂಗ್ ಪ್ರೋಟೀನಿನ) ಒಡಲಲ್ಲೊಂದು ಪೊಳ್ಳು, ಒಂದೇ ಒಂದು ರೆಟಿನಾಲ್ ಅಣು ಹಿಡಿಸುವಷ್ಟು. ಅದಕ್ಕಿಂತ ನನಗೆ ಸೊಗಸೆನಿಸುವುದು ಮುಂದಿನ ಏರ್ಪಾಡು: ಸುಮಾರು 21 ಕಿಲೊಡಾಲ್ಟನ್ ತೂಕದ ಈ ಸಣ್ಣದು ಒಂಟಿಯಾಗಿ ಹೊರಟರೆ ಮೂತ್ರಪಿಂಡದಲ್ಲಿ ಸೋರಿಹೋಗುತ್ತದೆ. ಹಾಗಾಗಿ ತನಗಿಂತ ದೊಡ್ಡದಾದ ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ತಿರುಗುತ್ತದೆ. ಕಣ್ಣಿನಲ್ಲಿ ಸ್ಟ್ರಾ-6 ಎಂಬ ಗ್ರಾಹಕ ಸರಕನ್ನು ಇಳಿಸಿಕೊಳ್ಳುತ್ತದೆ.

ಊಟದಲ್ಲಿ ಪ್ರೋಟೀನು ಸಾಲದ ಮಗುವಿನ ಯಕೃತ್ತಿನಲ್ಲಿ ಎ ಜೀವಸತ್ವ ಇದ್ದರೂ ಹೊರುವವರಿಲ್ಲದೆ ಅಲ್ಲೇ ಉಳಿಯಬಹುದು. ಕ್ಯಾರೆಟ್ಟನ್ನಷ್ಟೇ ಹೊಗಳುವವರು ಬೇಳೆ, ಮೊಟ್ಟೆಯನ್ನೂ ನೆನೆಯಬೇಕು! ಆರ್‌ಬಿಪಿ ಹೆಚ್ಚಾದರೂ ತಂಟೆಯೇ ಇರಬಹುದು: ಬೊಜ್ಜಿನವರಲ್ಲಿ ಆರ್‌ಬಿಪಿ ಏರುವುದಕ್ಕೂ ದೇಹ ಇನ್ಸುಲಿನ್‌ಗೆ ಓಗೊಡದಿರುವುದಕ್ಕೂ ನಂಟಿದೆಯೆಂದು 2005ರಲ್ಲಿ ಸಂಶೋಧಕರು ತೋರಿಸಿದರು, ಆ ಚರ್ಚೆ ಇನ್ನೂ ಮುಗಿದಿಲ್ಲ.