ಟಿಪ್ಟ್ರೀಯ ಕಥೆಗಳೂ ವಿಮರ್ಶಕರ ಕಣ್ಣೂ

ಜೇಮ್ಸ್ ಟಿಪ್ಟ್ರೀ ಎಂಬ ಅಮೆರಿಕದ ವಿಜ್ಞಾನಕಥೆಗಾರನ ಬರೆಹದಲ್ಲಿ ಪುರುಷತ್ವವು ನಿಸ್ಸಂದೇಹವೆಂದು ರಾಬರ್ಟ್ ಸಿಲ್ವರ್‌ಬರ್ಗರು ೧೯೭೫ರಲ್ಲಿ ನಿರ್ಣಯಿಸಿದರು. ೧೯೭೭ರಲ್ಲಿ ಆ ಲೇಖಕನು ಆಲಿಸ್ ಶೆಲ್ಡನ್ ಎಂಬ ಸ್ತ್ರೀಯೆಂದು ಬಯಲಾಯಿತು. ಈಕೆ ಚಿತ್ರ ಬರೆದು, ಯುದ್ಧಕಾಲದಲ್ಲಿ ಸೇನೆಯ ವೈಮಾನಿಕ ಛಾಯಾಚಿತ್ರಗಳನ್ನು ಪರೀಕ್ಷಿಸಿ, ಕೋಳಿ ಸಾಕಿ, ಸರಕಾರದ ಗೂಢಚಾರ ಸಂಸ್ಥೆಯಲ್ಲಿ ದುಡಿದು, ೧೯೬೭ರಲ್ಲಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಕಾಲಕ್ಕೆ ವಿಜ್ಞಾನಕಥೆಗೆ ಕೈಯಿಟ್ಟವರು. (ಕಾವ್ಯನಾಮವೋ ಮಾರ್ಮಲೇಡಿನ ಶೀಶೆಯ ಮೇಲಿನದು!)

ಈ ಅಲೆದಾಟವನ್ನು ಬರಿಯ ವೈಚಿತ್ರ್ಯವೆಂದು ಬಿಡಲಾಗದು. ಅನ್ಯರ ಕಣ್ಣು ತಪ್ಪಿಸಿಕೊಂಡುದನ್ನು ಚಿತ್ರದಲ್ಲಿ ಹುಡುಕುವ ಅಭ್ಯಾಸವೇ ೧೯೭೩ರ ‘ಪುರುಷರು ಕಾಣದ ಸ್ತ್ರೀಯರು’ ಕಥೆಯ ಬಂಧದಲ್ಲಿಯೂ ಇದೆಯೆನ್ನಬಹುದು. ಅದರ ನಿರೂಪಕನು ಪುರುಷ. ವಿಮಾನಾಪಘಾತದಲ್ಲಿ ಜೊತೆಗುಳಿದ ತಾಯಿಮಗಳನ್ನು ಅವನು ಸದಾ ನೋಡುತ್ತಲೇ ಇದ್ದಾನೆ. ಅವರು ಅನ್ಯಲೋಕದವರೊಡನೆ ಹೊರಟುಹೋಗಲು ಬಯಸುವುದು ಮಾತ್ರ ಅವನ ಊಹೆಗೆ ನಿಲುಕದು. ಈ ನಿರೂಪಕನ ದನಿಯನ್ನೇ ಕರ್ತೃವಿನದೆಂದು ಬಗೆದವರು ಅವನ ಕುರುಡನ್ನೂ ಹಂಚಿಕೊಂಡರು. ಸಿಲ್ವರ್‌ಬರ್ಗರು ಮುಂದೆ ತಮ್ಮ ತಪ್ಪನ್ನು ಬರೆಹದಲ್ಲಿಯೇ ಒಪ್ಪಿಕೊಂಡರು.