ಲಾಗಿನ್ ಆದ ಮೇಲೂ ಅದೇ ಟೋಕನ್?

ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಕೈಗೊಂದು ಟೋಕನ್ ಕೊಡುತ್ತಾರೆ. ಮರಳಿ ಬಂದಾಗ ಟೋಕನ್ ತಂದವರಿಗೇ ಚಪ್ಪಲಿ, ಮುಖ ನೋಡುವವರಿಲ್ಲ. ವೆಬ್ ಆ್ಯಪ್‌ಗಳ ಸೆಷನ್ ನಡೆಯುವುದೂ ಹೀಗೆಯೇ. ಎಚ್‌ಟಿಟಿಪಿಗೆ ನೆನಪಿಲ್ಲ. ಈಗ ಬಂದವರೇ ಮತ್ತೆ ಬಂದರೂ ಅದಕ್ಕೆ ಗುರುತು ಹತ್ತದು. ಈ ಕೊರತೆ ನೀಗಲು ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮೊಂಟುಲಿ 1994ರಲ್ಲಿ ಕುಕೀ ಎಂಬ ಟೋಕನ್ ರೂಪಿಸಿದರು. ನೋಡ್.ಜೆಎಸ್‌ನ ವೆಬ್ ಚೌಕಟ್ಟಾದ ಎಕ್ಸ್‌ಪ್ರೆಸ್ ಕಲಿಯುವವರ ಕೈಗೆ ಆ ಟೋಕನ್ ಸಿಗುವುದು ಸಾಮಾನ್ಯವಾಗಿ ‘ಎಕ್ಸ್‌ಪ್ರೆಸ್-ಸೆಷನ್’ ಎಂಬ ಮಿಡಲ್‌ವೇರ್ ಮೂಲಕ.

ಅದರ ಮೂಲ ವಿನ್ಯಾಸ ಅಚ್ಚುಕಟ್ಟಾಗಿದೆ. ಬಳಕೆದಾರರ ಮಾಹಿತಿ ಸರ್ವರ್‌ನಲ್ಲೇ ಉಳಿಯುತ್ತದೆ. ಬ್ರೌಸರಿಗೆ ಹೋಗುವುದು ಸಹಿ ಹಾಕಿದ ಐಡಿ ಮಾತ್ರ. ಆ ಐಡಿ 24 ಬೈಟ್‌ಗಳ ಯಾದೃಚ್ಛಿಕ ಸಂಖ್ಯೆಯಿಂದ ಹುಟ್ಟುವುದರಿಂದ ಊಹಿಸಿ ಹಿಡಿಯಲಾಗದು. ಕುಕೀಯನ್ನು ಪುಟದ ಜಾವಾಸ್ಕ್ರಿಪ್ಟ್ ಓದದಂತೆ ಮೊದಲಿನಿಂದಲೇ ತಡೆದಿದೆ. ರೂಟ್‌ಗಳಿಗಿಂತ ಮೊದಲು ಇದನ್ನು ಕೂರಿಸಿದರೆ, ಮುಂದಿನ ಪ್ರತಿ ಹಂತಕ್ಕೂ ಸೆಷನ್ ಸಿದ್ಧವಾಗಿ ಸಿಗುತ್ತದೆ.

ನನ್ನ ತಕರಾರು ಡೀಫಾಲ್ಟ್‌ಗಳ ಬಗ್ಗೆ. ಏನೂ ಹೇಳದಿದ್ದರೆ ಸೆಷನ್‌ಗಳು ಮೆಮೊರಿಯಲ್ಲಿ ಉಳಿಯುತ್ತವೆ: ಸರ್ವರ್ ಮರುಚಾಲೂ ಆದರೆ ಎಲ್ಲರೂ ಲಾಗ್‌ಔಟ್. ಇದು ನಿಜವಾದ ಬಳಕೆಗಲ್ಲ, ಮೆಮೊರಿ ಸೋರುತ್ತದೆ ಎಂದು ದಾಖಲೆಯೇ ಪ್ರಾಮಾಣಿಕವಾಗಿ ಎಚ್ಚರಿಸುತ್ತದೆ. ಬದಲಾಗದ ಸೆಷನ್ನನ್ನೂ ಪ್ರತಿ ವಿನಂತಿಯ ಕೊನೆಗೆ ಮತ್ತೆ ಉಳಿಸುವ ‘ರೀಸೇವ್’ ಸಹ ತೆರೆದೇ ಇರುತ್ತದೆ. ಒಂದು ವಿನಂತಿ ಕಾರ್ಟ್‌ಗೆ ಪುಸ್ತಕ ಸೇರಿಸುತ್ತದೆ. ಅದಕ್ಕೂ ಮೊದಲೇ ಹೊರಟು ನಿಧಾನವಾಗಿ ಮುಗಿದ ಇನ್ನೊಂದು ವಿನಂತಿ ತನ್ನ ಬಳಿಯಿದ್ದ ಹಳೆಯ ಪ್ರತಿಯನ್ನೇ ಮತ್ತೆ ಉಳಿಸುತ್ತದೆ. ಪುಸ್ತಕ ಮಾಯ. ಇಂಥ ತಪ್ಪು ಪರೀಕ್ಷೆಯಲ್ಲಿ ಸಿಗುವುದು ಅಪರೂಪ, ಗ್ರಾಹಕರಿಗೆ ಸಿಗುವುದೇ ಹೆಚ್ಚು.

ಕುಕೀಯನ್ನು ಎಚ್‌ಟಿಟಿಪಿಎಸ್ ದಾರಿಯಲ್ಲಷ್ಟೇ ಕಳಿಸುವ ‘ಸೆಕ್ಯೂರ್’ ಆಯ್ಕೆಯ ಕಥೆ ಇನ್ನೂ ಗಂಭೀರ. ಅದು ಆರಂಭದಲ್ಲಿ ಮುಚ್ಚಿರುತ್ತದೆ. ಗೂಢಲಿಪಿಯಿಲ್ಲದ ದಾರಿಯಲ್ಲಿ ಕುಕೀ ಹೋದರೆ ಏನಾಗುತ್ತದೆಂದು 2010ರಲ್ಲಿ ಎರಿಕ್ ಬಟ್ಲರ್ ಅವರ ಫೈರ್‌ಶೀಪ್ ಎಂಬ ಬ್ರೌಸರ್ ಸೇರ್ಪಡೆ ತೋರಿಸಿತ್ತು. ತೆರೆದ ವೈಫೈಯಲ್ಲಿ ಕುಳಿತವರು ಪಕ್ಕದವರ ಖಾತೆಗೆ ಒಂದೇ ಕ್ಲಿಕ್ಕಿನಲ್ಲಿ ಹೊಗಬಹುದಿತ್ತು. ಆದರೆ ಎನ್‌ಜಿನ್ಎಕ್ಸ್‌ನಂಥ ಪ್ರಾಕ್ಸಿಯ ಹಿಂದೆ ಆ್ಯಪ್ ನಿಂತಿದ್ದಾಗ ‘ಟ್ರಸ್ಟ್ ಪ್ರಾಕ್ಸಿ’ ಹೊಂದಿಸದೆ ‘ಸೆಕ್ಯೂರ್’ ತೆರೆದರೆ ಕುಕೀ ಹೊರಡುವುದೇ ಇಲ್ಲ, ಲಾಗಿನ್ ಉಳಿಯುವುದಿಲ್ಲ. ಆಗ ಹೊಸಬರು ಮಾಡುವುದೇನು? ‘ಸೆಕ್ಯೂರ್’ ತೆಗೆದುಬಿಡುತ್ತಾರೆ. ರೋಗ ಹೋಗಲಿಲ್ಲ, ಲಕ್ಷಣ ಮಾತ್ರ ಮರೆಯಾಯಿತು.

ಎಲ್ಲಕ್ಕಿಂತ ದೊಡ್ಡ ಕಂದಕ ಲಾಗಿನ್ ಕ್ಷಣದಲ್ಲಿದೆ. ಕಾಲೇಜು ಲ್ಯಾಬಿನ ಕಂಪ್ಯೂಟರಿನಲ್ಲಿ ಯಾರೋ ಮೊದಲೇ ಪುಟ ತೆರೆದು ಟೋಕನ್ ಸಂಖ್ಯೆ ಬರೆದಿಟ್ಟುಕೊಂಡರೆನ್ನಿ. ನೀವು ಬಂದು ಅಲ್ಲೇ ಲಾಗಿನ್ ಆಗುತ್ತೀರಿ. ಐಡಿ ಬದಲಾಗದಿದ್ದರೆ ಅವರ ಕೈಯಲ್ಲಿರುವ ಸಂಖ್ಯೆ ಈಗ ನಿಮ್ಮ ಖಾತೆಯ ಕೀಲಿ. ಬಂದವರಿಗೆಲ್ಲ ಸೆಷನ್ ಹಂಚುವ ‘ಸೇವ್‌ಅನ್‌ಇನಿಶಿಯಲೈಸ್ಡ್’ ಡೀಫಾಲ್ಟ್ ಈ ದಾರಿಯನ್ನು ಸಲೀಸು ಮಾಡುತ್ತದೆ. ಪೈಥಾನ್‌ನ ಜಾಂಗೋ ಚೌಕಟ್ಟಿನಲ್ಲಿ ಲಾಗಿನ್ ಕಾರ್ಯವೇ ಕೀಲಿ ಬದಲಿಸುತ್ತದೆ. ನೋಡ್ ಲೋಕದಲ್ಲಿ ಲಾಗಿನ್ ನೋಡಿಕೊಳ್ಳುವ ಪಾಸ್‌ಪೋರ್ಟ್ ಲೈಬ್ರರಿ ಈ ಪಾಠವನ್ನು 0.6 ಆವೃತ್ತಿಯಲ್ಲಿ, 2022ರಲ್ಲಿ ಅಳವಡಿಸಿಕೊಂಡಿತು. ಲಾಗಿನ್ ಯಾವಾಗ ಆಯಿತೆಂದು ಎಕ್ಸ್‌ಪ್ರೆಸ್-ಸೆಷನ್‌ಗೆ ತಿಳಿಯದು ನಿಜ. ಅದಕ್ಕಾಗಿ ಐಡಿ ಬದಲಿಸುವ ‘ರೀಜನರೇಟ್’ ಕೊಟ್ಟಿದೆ, ಕರೆಯುವ ಹೊಣೆ ನಮ್ಮದು. ಆದರೆ ಉಳಿದ ಡೀಫಾಲ್ಟ್‌ಗಳಿಗೆ ಈ ಸಮಜಾಯಿಷಿ ಸಲ್ಲದು. ಹಳೆಯ ಕೋಡ್ ಮುರಿಯಬಾರದೆಂಬ ಕಾಳಜಿ ದೊಡ್ಡದೇ, ಆದರೆ ಅದರ ಬೆಲೆಯನ್ನು ಹೊಸಬರು ತೆರಬಾರದು.

ಹಾಗಾಗಿ ನನ್ನ ತೀರ್ಮಾನ: ಯಂತ್ರ ಗಟ್ಟಿ, ಅದನ್ನು ಹೊಂದಿಸಿ ಕೊಟ್ಟ ರೀತಿ ಸಡಿಲ. ಬಳಸಿ, ಆದರೆ ರೆಡಿಸ್‌ನಂಥ ಸ್ಟೋರ್ ಜೋಡಿಸಿ, ‘ರೀಸೇವ್’, ‘ಸೇವ್‌ಅನ್‌ಇನಿಶಿಯಲೈಸ್ಡ್’ ಎರಡನ್ನೂ ಮುಚ್ಚಿ, ‘ಸೆಕ್ಯೂರ್’ ತೆರೆಯಿರಿ. ಕೊನೆಗೆ ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ಕುಕೀಯನ್ನು ಲಾಗಿನ್‌ಗೆ ಮೊದಲೊಮ್ಮೆ, ನಂತರವೊಮ್ಮೆ ನೋಡಿ. ಎರಡೂ ಬಾರಿ ಅದೇ ಅಕ್ಷರಗಳಿದ್ದರೆ ನಿಮ್ಮ ಕೆಲಸ ಇನ್ನೂ ಮುಗಿದಿಲ್ಲ.