ಚಿತ್ರದುರ್ಗದ ಹತ್ತೊಂಬತ್ತನೆಯ ಶತಮಾನ: ಇತಿಹಾಸಲೇಖನದ ಒಂದು ಕೊರತೆ

ಚಿತ್ರದುರ್ಗದ ಚರಿತ್ರೆಯೆಂದರೆ ಪಾಳೆಯಗಾರರ ಚರಿತ್ರೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾಗುವುದರೊಡನೆ ಆ ಚರಿತ್ರೆ ಮುಗಿಯುತ್ತದೆ. ಎಂ. ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’ ಗ್ರಂಥದ ವಸ್ತು ಆ ವಂಶವೇ; ತ. ರಾ. ಸುಬ್ಬರಾಯರ ಕಾದಂಬರಿಮಾಲೆ 1982ರ ‘ದುರ್ಗಾಸ್ತಮಾನ’ದಲ್ಲಿ ಕೊನೆಗಂಡಿತು. ಈ ಕೃತಿಗಳ ಹಿರಿಮೆ ನಿರ್ವಿವಾದ. ವಂಶಚರಿತ್ರೆ ವಂಶದೊಡನೆ ಮುಗಿಯುವುದು ಸಹಜ. ಆದರೆ ಅಸ್ತಮಾನದ ಅನಂತರ ಬರಿಯ ಕತ್ತಲೆಯೆಂದು ಓದುಗನು ತಿಳಿಯುವುದು ಸಲ್ಲದು.

ಮುಂದಿನ ಶತಮಾನಕ್ಕೆ ಮುಖ್ಯವಾದ ಆಕರ ಬಿ. ಎಲ್. ರೈಸರ ಮೈಸೂರು ಗ್ಯಾಸೆಟಿಯರ್. ಅದರ ಪರಿಷ್ಕೃತ ಆವೃತ್ತಿ ಹೊರಬಂದುದು 1897ರಲ್ಲಿ. ಅದರ ವ್ಯವಸ್ಥೆ, ವ್ಯಾಪ್ತಿ ಎರಡೂ ಶ್ಲಾಘನೀಯ. ಆದರೆ ಅದರ ದೃಷ್ಟಿ ಕಚೇರಿಯ ದೃಷ್ಟಿ. 1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋದುದು, 1882ರಲ್ಲಿ ಜಿಲ್ಲೆಯನ್ನು ತುಮಕೂರಿಗೆ ಸೇರಿದ ಉಪವಿಭಾಗವಾಗಿ ಇಳಿಸಿದುದು, 1886ರಲ್ಲಿ ಮತ್ತೆ ಜಿಲ್ಲೆಯಾದುದು ಇವೆಲ್ಲ ಆಡಳಿತದ ಸಂಗತಿಗಳು. ಆ ನಾಲ್ಕು ವರ್ಷ ಹೊಳಲ್ಕೆರೆಯ ರೈತನ ಅಹವಾಲು ಎಷ್ಟು ದೂರ ನಡೆಯಬೇಕಾಯಿತೆಂಬುದು ಚರಿತ್ರೆಯ ಪ್ರಶ್ನೆಯಲ್ಲವೆ?

1876-78ರ ಕ್ಷಾಮವೂ ಹೀಗೆಯೇ. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಯಾವ ಕೋಟೆಯ ಪತನವೂ ಇಷ್ಟು ಮನೆಗಳನ್ನು ಬರಿದುಮಾಡಲಿಲ್ಲ. ಆದರೂ ನಮ್ಮ ಬರೆಹಗಳಲ್ಲಿ ಕೋಟೆಗೆ ಅಧ್ಯಾಯಗಳು, ಕ್ಷಾಮಕ್ಕೆ ಒಂದೆರಡು ವಾಕ್ಯಗಳು.

ಮಾರಿಕಣಿವೆಯ ವಿಷಯದಲ್ಲಿ ಲೋಪ ಇನ್ನೊಂದು ಬಗೆಯದು. ಹಿರಿಯೂರು ಸೀಮೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ಅಣೆಕಟ್ಟು 1907ರಲ್ಲಿ ಪೂರ್ಣವಾಯಿತು. ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ, ದಿವಾನ್ ಶೇಷಾದ್ರಿ ಅಯ್ಯರ್ ಇವರ ಕೀರ್ತಿ ಯಥಾರ್ಥವಾದುದು. ಆದರೆ ಪಾಳೆಯಗಾರರ ಸ್ಥಾನದಲ್ಲಿ ದಿವಾನರನ್ನು ನಿಲ್ಲಿಸಿದ ಮಾತ್ರಕ್ಕೆ ಲೇಖನಕ್ರಮ ಬದಲಾಗದು. ಅದೇ ನೀರು ಹಿರಿಯೂರಿನ ಗದ್ದೆಗೆ ಹರಿಯಿತು. ಅದರ ಹಿನ್ನೀರು ಹೊಸದುರ್ಗದ ಕಡೆಯ ನೆಲವನ್ನು ಆವರಿಸಿತು. ಎರಡು ತಾಲ್ಲೂಕುಗಳಿಗೆ ಒಂದೇ ಘಟನೆಯ ಅರ್ಥ ಎರಡು.

ವೀರನಿಲ್ಲದ ಕಾಲಕ್ಕೆ ಚರಿತ್ರೆಯಿಲ್ಲವೆಂಬ ಎಣಿಕೆಯನ್ನು ಬಿಡಬೇಕಾಗಿದೆ. ಮಳೆ, ಕೆರೆ, ಕಂದಾಯ ಇವನ್ನು ಪ್ರಮಾಣವಾಗಿಟ್ಟುಕೊಂಡು ತಾಲ್ಲೂಕುಗಳ ಕಡತಗಳನ್ನೂ ಮನೆತನಗಳ ಲೆಕ್ಕದ ಪುಸ್ತಕಗಳನ್ನೂ ಓದುವ ಕೆಲಸ ನಮ್ಮ ಸಂಶೋಧಕ ವಿದ್ಯಾರ್ಥಿಗಳ ಮುಂದಿದೆ.